ಹರಿಹರದ ಲೇತ್ ಹುಟ್ಟಿದ ಬಗೆ

ಪಂಪ್‌ಸೆಟ್ಟಿನ ಶಾಫ್ಟ್ ಸವೆದರೆ, ಟ್ರ್ಯಾಕ್ಟರಿನ ಪಿನ್ ತುಂಡಾದರೆ ರೈತರು ಮೊದಲು ಹುಡುಕಿಕೊಂಡು ಹೋಗುವುದು ಲೇತ್ ಅಂಗಡಿಯನ್ನು. ದಾವಣಗೆರೆ, ಹುಬ್ಬಳ್ಳಿ ಕಡೆಯ ಇಂಥ ಅಂಗಡಿಗಳಲ್ಲಿ ಎಣ್ಣೆ, ಧೂಳು ಕೂತು ಕಪ್ಪಾದ ಹಳೆಯ ಲೇತ್ ಇದ್ದರೆ ಅದರ ಮೇಲಿನ ಅಕ್ಷರ ಒರೆಸಿ ನೋಡಿ. ಕಿರ್ಲೋಸ್ಕರ್ ಎಂದಿದ್ದರೆ ಅದು ಬಹುಶಃ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ ಹುಟ್ಟಿದ ಯಂತ್ರ.

ಲೇತ್‌ಗೆ ಇಂದಿನ ರೂಪ ಬಂದದ್ದು ಲಂಡನ್ನಿನಲ್ಲಿ. ಜೋಸೆಫ್ ಬ್ರಾಮಾ ಎಂಬಾತನ ಬೀಗದ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲಿ ಸಂಬಳ ಹೆಚ್ಚಿಸಿ ಎಂದು ಕೇಳಿದ, ಬ್ರಾಮಾ ಒಪ್ಪಲಿಲ್ಲ. ಮಾಡ್ಸ್ಲಿ 1797ರಲ್ಲಿ ಹೊರಬಂದು ತನ್ನದೇ ವರ್ಕ್‌ಶಾಪ್ ತೆರೆದ. ಅಲ್ಲಿಯವರೆಗೆ ಟೂಲನ್ನು ಕೈಯಲ್ಲಿ ಹಿಡಿದೇ ಕಬ್ಬಿಣ ಕಡೆಯುವುದು ಸಾಮಾನ್ಯವಾಗಿತ್ತು. ಟೂಲ್ ಹಿಡಿಯುವ ಸ್ಲೈಡ್, ಅದನ್ನು ಅಳತೆ ತಪ್ಪದೆ ಎಳೆದೊಯ್ಯುವ ಲೀಡ್ ಸ್ಕ್ರೂ, ವೇಗ ಬದಲಿಸುವ ಗೇರ್‌ಗಳು ಈ ಮೂರನ್ನೂ ಅವನು ಒಂದೇ ಯಂತ್ರದಲ್ಲಿ ಗಟ್ಟಿಯಾಗಿ ಕೂರಿಸಿದ. ಒಂದೇ ಅಳತೆಯ ಸ್ಕ್ರೂ ಮರೆಗಳನ್ನು (ಥ್ರೆಡ್) ಎಷ್ಟು ಬೇಕಾದರೂ ಕೊರೆಯುವುದು ಸಾಧ್ಯವಾಯಿತು. ಅವನಲ್ಲಿ ಕೆಲಸ ಕಲಿತ ಜೋಸೆಫ್ ವಿಟ್ವರ್ತ್ 1841ರಲ್ಲಿ ಆ ಮರೆಗಳಿಗೊಂದು ಮಾನದಂಡ ಸೂಚಿಸಿದ.

ನಮ್ಮ ಕಡೆಯ ಕಥೆ ಬೆಳಗಾವಿಯ ಸೈಕಲ್ ಅಂಗಡಿಯಿಂದ ಶುರುವಾಗುತ್ತದೆ. ಅದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಆ ಅಂಗಡಿ ಇಟ್ಟರು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ಜಾಗ ಕೊಟ್ಟರು. ಅಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಊರು ಎದ್ದಿತು. ಎರಡನೆಯ ಮಹಾಯುದ್ಧದಲ್ಲಿ ವಿದೇಶಿ ಯಂತ್ರ ಸಿಗುವುದು ಕಷ್ಟವಾಗಿದ್ದ ಕಾಲಕ್ಕೆ, 1941ರಲ್ಲಿ, ಮೈಸೂರು ಸಂಸ್ಥಾನದ ಹರಿಹರದಲ್ಲಿ ಲೇತ್ ಮಾಡುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಸ್ವಾತಂತ್ರ್ಯಾನಂತರ, 1953ರಲ್ಲಿ, ಕೇಂದ್ರ ಸರ್ಕಾರ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಕಟ್ಟಿತು. ಜನ ಎಚ್‌ಎಂಟಿಯನ್ನು ಕೈಗಡಿಯಾರದಿಂದ ನೆನೆಯುತ್ತಾರೆ. ಆದರೆ ಅದು ಮೊದಲು ಮಾಡಿದ್ದು ಲೇತ್.

ಹರಿಹರದ ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ಅದರ ಯಂತ್ರಗಳು ಇನ್ನೂ ದುಡಿಯುತ್ತಿವೆ. ದಪ್ಪ ಬೀಡಿನ ಬೆಡ್ ಕಂಪನವನ್ನು ನುಂಗಿಕೊಳ್ಳುತ್ತದೆ. ಗೇರ್, ಬೇರಿಂಗ್ ಹೋದರೆ ಊರಲ್ಲೇ ಹೊಂದಿಸಿ ಹಾಕಬಹುದು, ಸರ್ಕ್ಯೂಟ್ ಬೋರ್ಡಿಗಾಗಿ ಕಾಯಬೇಕಿಲ್ಲ. ಲಕ್ಷಗಟ್ಟಲೆ ಒಂದೇ ಬಗೆಯ ಭಾಗ ಬೇಕೆಂದರೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್ ಬೇಕೇ ಬೇಕು. ಸವೆದ ಒಂದೇ ಒಂದು ಶಾಫ್ಟಿಗೆ ಬುಷ್ ಮಾಡಿ ಸಂಜೆಯೊಳಗೆ ರೈತನ ಕೈಗಿಡಲು ಹಳೆಯ ಲೇತೇ ಸರಿ.

ಮರೆ ಕೊರೆಯುವಾಗ ಲೇತ್ ನಡೆಸುವ ಟರ್ನರ್ ಪಕ್ಕ ನಿಂತು ನೋಡಬೇಕು. ಅನೇಕ ಹಳೆಯ ಲೇತ್‌ಗಳ ಲೀಡ್ ಸ್ಕ್ರೂ ಇಂಚಿನ ಲೆಕ್ಕದ್ದು, ಗಿರಾಕಿ ಕೇಳುವುದು ಮಿಲಿಮೀಟರ್ ಮರೆ. ಇವೆರಡಕ್ಕೆ ಗಂಟು ಹಾಕುವುದು 127 ಹಲ್ಲಿನ ಗೇರ್. ಇಂಚೆಂದರೆ 25.4 ಮಿಲಿಮೀಟರ್, ಅದರ ಐದು ಪಟ್ಟು ಸರಿಯಾಗಿ 127. ಈ ಗೇರ್ ಹಾಕಿದ ಮೇಲೆ ಮರೆ ಮುಗಿಯುವವರೆಗೆ ಲೀಡ್ ಸ್ಕ್ರೂ ಹಿಡಿಯುವ ಹಾಫ್ ನಟ್ ಬಿಡಿಸುವಂತಿಲ್ಲ. ಒಂದು ಪಟ್ಟು ಕೊರೆದು, ಟೂಲನ್ನು ಹಿಂದೆಳೆದು, ಮೋಟಾರನ್ನೇ ಉಲ್ಟಾ ತಿರುಗಿಸಿ ಹಿಂದಕ್ಕೆ ಬರಬೇಕು. ಅವಸರಪಟ್ಟರೆ ಟೂಲ್ ಹಳೆಯ ಹಾದಿ ತಪ್ಪುತ್ತದೆ, ಕೊರೆದ ಮರೆಯೆಲ್ಲ ಹಾಳು. ಈ ಲೆಕ್ಕ ಕೈಗೆ ಹತ್ತಿದವರನ್ನು ಕಂಡರೆ ನನಗೆ ಇಂದಿಗೂ ಅಪಾರ ಗೌರವ.

ಹೆಚ್ಚಿನ ಕೆಲಸ ಕಡೆಯುವ ತುಂಡನ್ನು ಹಿಡಿದು ತಿರುಗಿಸುವ ಚಕ್‌ನ ಹತ್ತಿರವೇ ನಡೆಯುವುದರಿಂದ ಬೆಡ್ ಸವೆಯುವುದೂ ಅಲ್ಲಿಯೇ. ಹಾಗಾಗಿ ಹಳೆಯ ಲೇತ್ ಕೊಳ್ಳುವವರು ಹೊಸ ಬಣ್ಣಕ್ಕೆ ಮರುಳಾಗದೆ, ಟೂಲ್ ಹೊತ್ತು ಸಾಗುವ ಸ್ಯಾಡಲನ್ನು ಬೆಡ್ಡಿನ ಉದ್ದಕ್ಕೂ ಓಡಿಸಿ ನೋಡಬೇಕು. ಚಕ್ ಬಳಿ ಸಡಿಲ, ಇನ್ನೊಂದು ತುದಿಯಲ್ಲಿ ಬಿಗಿ ಎಂದಾದರೆ ಬೆಡ್ ಸವೆದಿದೆ ಎಂದೇ ಅರ್ಥ. ಹಾಗೆಂದು ಎಸೆಯಬೇಕಿಲ್ಲ. ಗ್ರೈಂಡಿಂಗ್, ಸ್ಕ್ರೇಪಿಂಗ್ ಮಾಡಿಸಿದರೆ ಅದು ಮತ್ತೆ ನೇರವಾಗುತ್ತದೆ.

ಅಪ್ಪನೋ ಅಜ್ಜನೋ ನಡೆಸುತ್ತಿದ್ದ ಲೇತ್ ನಿಮ್ಮ ಮನೆಯ ಶೆಡ್ಡಿನಲ್ಲಿದ್ದರೆ ಅದನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಮೊದಲು ಒಬ್ಬ ಹಳೆಯ ಟರ್ನರನ್ನು ಕರೆದು ತೋರಿಸಿ. ಮಾರಲೇಬೇಕಾದರೆ ದುಡಿಸುವವರಿಗೇ ಮಾರಿ. ಅದರ ಗೇರ್‌ಗಳೆಲ್ಲವನ್ನೂ, 127 ಹಲ್ಲಿನದನ್ನಂತೂ ತಪ್ಪದೆ, ಜೊತೆಗೇ ಕೊಟ್ಟು ಕಳಿಸಿ.