ಪದವಿಗೆ ಉರ್ದುವಿನ ದಾರಿ

ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿರುವುದು ಪ್ರಾಕೃತದಲ್ಲಿ. ಆಳುವವರ ಭಾಷೆ ಬೇರೆ, ಮನೆಮಾತು ಬೇರೆ ಎಂಬುದು ಈ ಸೀಮೆಗೆ ಹೊಸತಲ್ಲ. ನಿಜಾಮರ ಕಾಲದಲ್ಲಿ ಸಿಂಧನೂರು, ಲಿಂಗಸುಗೂರಿನ ಹುಡುಗರು ಪದವಿ ಓದಲು ಹೊರಟರೆ ಸಂಸ್ಥಾನಕ್ಕಿದ್ದ ವಿಶ್ವವಿದ್ಯಾಲಯ ಒಂದೇ, 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ.

ಅಲ್ಲಿ ವೈದ್ಯ, ವಿಜ್ಞಾನ, ಕಾನೂನು ಎಲ್ಲದರ ಪಾಠವೂ ಉರ್ದುವಿನಲ್ಲಿ; ಇಂಗ್ಲಿಷ್ ಒಂದು ಕಡ್ಡಾಯ ವಿಷಯವಷ್ಟೆ. ಪಠ್ಯಗಳಿಗಾಗಿ ಅನುವಾದ ವಿಭಾಗವನ್ನೇ ತೆರೆದು ಪಾರಿಭಾಷಿಕ ಪದಗಳನ್ನು ಟಂಕಿಸಲಾಯಿತು. ಬ್ರಿಟಿಷರ ಕಾಲದಲ್ಲಿ ಅದು ದೊಡ್ಡ ಸಾಹಸವೇ ಸರಿ. ಆದರೆ ಬಹುಪಾಲು ಪ್ರಜೆಗಳು ತೆಲುಗು, ಮರಾಠಿ, ಕನ್ನಡ ಆಡುವವರು. ಅವರ ಮಕ್ಕಳಿಗೆ ಉರ್ದುವೂ ಇಂಗ್ಲಿಷಿನಂತೆಯೇ ದಾಟಬೇಕಾದ ಹೊಳೆ.

1948ರ ಬಳಿಕ ಉರ್ದುವಿನ ಜಾಗಕ್ಕೆ ಬಂದದ್ದು ಇಂಗ್ಲಿಷ್, ಕನ್ನಡವಲ್ಲ! 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಈ ಭಾಗಕ್ಕೆಂದೇ ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ.