ಕೊಟ್ಟಿಗೆಯ ಹಳೇ ಪೈಪು ನೋಡಿದ್ದೀರಾ?

ಸಂಘದಲ್ಲಿ ಹಾಲು ಒಡೆಯುತ್ತಿದೆ ಎಂದು ಸದಸ್ಯೆಯೊಬ್ಬರು ನನ್ನನ್ನು ಮೂರು ಸಲ ಕರೆಸಿದರು. ಹಸುವಿಗೆ ಕೆಚ್ಚಲು ಬಾವು ಇರಲಿಲ್ಲ, ಕ್ಯಾನೂ ಚೊಕ್ಕಟವಾಗಿತ್ತು. ಕೊನೆಗೆ ಕಂಡದ್ದು, ಮನೆ ಕಟ್ಟಿಸಿದಾಗ ಹಾಕಿ ಗಂಜಲದ ಚರಂಡಿಯೊಳಗೇ ಹಾಯಿಸಿದ್ದ ಪಿವಿಸಿ ಪೈಪು. ಬಿರುಕಿಗೆ ಸೈಕಲ್ ಟ್ಯೂಬ್ ಸುತ್ತಿದ್ದರು.

"ನೀರು ಹೊರಗೆ ಸೋರುತ್ತೆ, ಒಳಗೇನು ಬರುತ್ತೆ ಡಾಕ್ಟ್ರೇ?" ಎಂದರು. ಕೇಳಬೇಕಾದ ಪ್ರಶ್ನೆಯೇ. ಮೋಟಾರ್ ಓಡುವಾಗ ಒತ್ತಡಕ್ಕೆ ನೀರು ಹೊರಗೆ ಸೋರುತ್ತದೆ. ಮೋಟಾರ್ ನಿಂತು ಪೈಪು ಬರಿದಾಗುವಾಗ ಅದೇ ಬಿರುಕು ಚರಂಡಿಯ ನೀರನ್ನು ಒಳಗೆಳೆಯಬಹುದು. ಆ ನೀರಿನಲ್ಲೇ ಕೆಚ್ಚಲು ತೊಳೆದು ಕ್ಯಾನ್ ಗಲಬರಿಸಿದರೆ ಬ್ಯಾಕ್ಟೀರಿಯಾ ಹಾಲಿಗೆ ಸೇರುತ್ತದೆ. ಮನೆಮಂದಿ ಕುಡಿಯುವುದೂ ಅದನ್ನೇ.

ಬಿಸಿಲಿಗೆ ಬಿದ್ದ ಪಿವಿಸಿ ಬಣ್ಣಗೆಟ್ಟು ಪೆಡಸಾಗುತ್ತದೆ. ಹಸು ತುಳಿದರೆ ಸೀಳುತ್ತದೆ. ಹಿಂದೆ ಇಂಥ ಪೈಪು ತಯಾರಿಸುವಾಗ ಸೀಸದ ಅಂಶ ಬೆರೆಸುವುದೂ ಇತ್ತು. ಅದಕ್ಕೆ ಕಡಿವಾಣ ಹಾಕುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು.

ರಾತ್ರಿ ನಲ್ಲಿಗಳನ್ನೆಲ್ಲ ನಿಲ್ಲಿಸಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಪೈಪಿನ ಕೆಲಸ ಗಂಡಸರದ್ದು ಎಂದು ಬಿಡಬೇಡಿ, ಹಾಲು ವಾಪಸಾಗುವುದು ನಿಮ್ಮ ಹೆಸರಿನಲ್ಲಿ.

ಹೊಸ ಪಿವಿಸಿ ಕೊಳ್ಳುವಾಗ ಐಎಸ್‌ಐ ಗುರುತು, ಐಎಸ್ 4985 ಸಂಖ್ಯೆ ನೋಡಿ. ಕರೆಂಟ್ ವೈರಿಗೆ ಹಾಕುವ ಅಗ್ಗದ ಪೈಪು ನೀರಿಗಲ್ಲ. ಚರಂಡಿಯಿಂದ ದೂರಕ್ಕೆ, ನೆಲದಡಿ ಹೂಳಿಸಿ. ಅಂಟು ಒಣಗಿದ ಮೇಲೆ ಮೊದಲು ಬರುವ ನೀರನ್ನು ದನಕ್ಕೂ ಕುಡಿಸದೆ ಹೊರಗೆ ಬಿಡಿ.

ಒಮ್ಮೆಲೇ ಎಲ್ಲಕ್ಕೂ ಹಣ ಸಾಲದಿದ್ದರೆ ಚರಂಡಿ ದಾಟುವ ತುಂಡನ್ನಾದರೂ ಮೊದಲು ಬದಲಿಸಿ. ಅಲ್ಲಿಯವರೆಗೆ ಕ್ಯಾನಿಗೆ ಕುದಿಸಿದ ನೀರೇ ಇರಲಿ.