ಹಾಸ್ಟೆಲ್ ಸೇರಿದ ಮಗಳು, ಭಾನುವಾರದ ಪೂಜೆ

'ಪೂಜೆಗೆ ಹೋದ್ಯಾ?'

'ಹೂಂ ಮಮ್ಮಿ, ಹೋದೆ.'

ಮಂಗಳೂರಿನಿಂದಲೋ ಚಿಕ್ಕಮಗಳೂರಿನಿಂದಲೋ ಮಗಳನ್ನು ಬೆಂಗಳೂರಿನ ಕಾಲೇಜಿಗೆ ಸೇರಿಸಿ ಬಂದ ಕ್ರೈಸ್ತ ತಾಯಂದಿರ ಭಾನುವಾರದ ಫೋನು ಬಹುತೇಕ ಇಷ್ಟಕ್ಕೇ ಮುಗಿಯುತ್ತದೆ. ಹೋಗಿ ಬಂದು ಹೇಳಿದಳೋ, ಹಾಸಿಗೆಯಲ್ಲೇ ಹೊರಳಿ ಹೇಳಿದಳೋ ದೇವರಿಗೇ ಗೊತ್ತು! ಹೀಗೆ ವಾರ ವಾರ ಹಾಜರಿ ತೆಗೆದುಕೊಂಡರೆ ಮಕ್ಕಳು ಕಲಿಯುವುದು ಭಕ್ತಿಯನ್ನಲ್ಲ, ಸುಳ್ಳು ಹೇಳುವುದನ್ನು.

ಊರಲ್ಲಾದರೆ ಇಗರ್ಜಿಗೆ ಹೋಗದಿದ್ದರೆ ಅಜ್ಜಿ ಕೇಳುತ್ತಾರೆ, ಪಕ್ಕದ ಮನೆ ಬಾಯಮ್ಮ ಕೇಳುತ್ತಾರೆ. ಬೆಂಗಳೂರಲ್ಲಿ ಕೇಳೋರು ಯಾರು? ಆದ್ದರಿಂದ ಹಾಸ್ಟೆಲ್‌ಗೆ ಬಿಡಲು ಹೋದಾಗಲೇ ಹತ್ತಿರದ ಚರ್ಚಿಗೆ ನೀವೇ ಅವಳೊಂದಿಗೆ ಒಮ್ಮೆ ಹೋಗಿ ಬನ್ನಿ. ಭಾಷೆಯನ್ನೂ ನೋಡಿಕೊಳ್ಳಿ. ಕನ್ನಡದಲ್ಲಿ ಪ್ರಾರ್ಥಿಸಿ ಬೆಳೆದ ಹುಡುಗಿಗೆ ಇಂಗ್ಲಿಷ್ ಪೂಜೆ ಶುರುವಿಗೆ ಪರಕೀಯ ಅನ್ನಿಸಬಹುದು. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಕನ್ನಡ ಪೂಜೆ ಇದೆ. ಸಿಎಸ್‌ಐನವರಿಗೆ ಕಾರ್ಪೊರೇಷನ್ ಬಳಿಯ ಹಡ್ಸನ್ ಚರ್ಚಿದೆ. ಫಾದರ್‌ಗೋ ಪಾಸ್ಟರ್‌ಗೋ ಅವಳ ಪರಿಚಯ ಮಾಡಿಸಿ, ಕ್ವಾಯರ್‌ಗೆ ಸೇರುತ್ತೀಯಾ ಎಂದು ಅವಳನ್ನೇ ಕೇಳಿ. ಒಂದು ಕೆಲಸ ಅಂತ ಸಿಕ್ಕಿದರೆ ಯಾರೂ ಎಬ್ಬಿಸದೆ ಎದ್ದು ಹೋಗುತ್ತಾಳೆ.

ಭಾನುವಾರವೇ ಪರೀಕ್ಷೆ ಬಂದರೆ? ವೈದ್ಯಕೀಯ ಪ್ರವೇಶದ ನೀಟ್ ಕೂಡ 2023, 2024, 2025ರಲ್ಲಿ ಭಾನುವಾರವೇ ನಡೆಯಿತು. ಕಥೋಲಿಕರಿಗೆ ಶನಿವಾರ ಸಂಜೆಯ ಪೂಜೆ ಭಾನುವಾರದ್ದೇ ಲೆಕ್ಕ. ಅಷ್ಟಕ್ಕೆ ಮಗು ಪರೀಕ್ಷೆ ಹಾಲ್‌ನಲ್ಲಿ ಪಾಪಪ್ರಜ್ಞೆಯಿಂದ ಕೂರಬೇಕಿಲ್ಲ. ತಪಸ್ಸುಕಾಲದ ಉಪವಾಸದ್ದೂ ಹಾಗೇ. ಧರ್ಮಸಭೆಯ ನಿಯಮದಂತೆ ಕಡ್ಡಾಯ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಅದೂ 18 ತುಂಬಿದವರಿಗೆ. ಪಿಯುಸಿ ಹುಡುಗಿ ಇಂಟರ್ನಲ್ಸ್ ದಿನ ತಿಂಡಿ ಬಿಟ್ಟು ತಲೆ ಸುತ್ತಿ ಬೀಳುವುದು ಬೇಡ. ಮಾಂಸ ಬಿಡುವ ನಿಯಮ 14ರಿಂದಲೇ ಇದೆ. ಅದು ಹಾಸ್ಟೆಲ್ ಮೆಸ್‌ನಲ್ಲಿ ಕಷ್ಟವೇನಲ್ಲ, ಎಷ್ಟೋ ಕಡೆ ವಾರವಿಡೀ ಅನ್ನ-ಸಾರೇ!

ಕಾಲೇಜಿನಲ್ಲಿ ಕ್ರೈಸ್ತ ವಿದ್ಯಾರ್ಥಿ ಸಂಘಗಳಿದ್ದರೆ ಸೇರಲಿ. 1912ರಲ್ಲಿ ಶುರುವಾದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್, ಕಥೋಲಿಕರ ಐಕಫ್ (1924) ಇವೆಲ್ಲ ಹಳೆಯವು. ಬಡತನ, ಜಾತಿ, ಸಮಾಜದ ಬಗ್ಗೆ ಮಾತಾಡಲು, ನಾಲ್ಕು ಜನರೆದುರು ನಿಂತು ಹೇಳಲು ಅಲ್ಲಿ ಕಲಿಯುತ್ತಾರೆ. ಆದರೆ ರೂಮಿಗೇ ಬಂದು ಕರೆಯುವ, ಯಾರು ನಡೆಸುತ್ತಾರೆಂದು ಹೇಳದ ಗುಂಪುಗಳ ಬಗ್ಗೆ ಹುಷಾರು. 'ನಿನ್ನ ಚರ್ಚು ಸರಿಯಿಲ್ಲ, ಅಪ್ಪ-ಅಮ್ಮನಿಗೆ ಹೇಳಬೇಡ, ಓದು ಆಮೇಲೆ' ಅನ್ನೋರು ಸಿಕ್ಕರೆ ಅಲ್ಲಿಗೆ ನಿಲ್ಲಿಸಬೇಕು. ಪ್ರಾರ್ಥನಾಕೂಟದ ಹೆಸರಲ್ಲಿ ಕ್ಲಾಸ್ ತಪ್ಪಿಸಿ ಅಟೆಂಡೆನ್ಸ್ ಶಾರ್ಟೇಜ್ ಮಾಡಿಕೊಳ್ಳುವುದು ಭಕ್ತಿಯಲ್ಲ, ಮೈಗಳ್ಳತನ. ನನ್ನ ಅಭಿಪ್ರಾಯ ಇಷ್ಟೇ ಖಡಾಖಂಡಿತ.

ಇನ್ನೊಂದು ತಪ್ಪು, 'ನಮ್ಮವರ ಜೊತೆಗೇ ಇರು' ಅಂತ ಹೇಳಿ ಕಳಿಸುವುದು. ರೂಮ್‌ಮೇಟ್ ಲಿಂಗಾಯತಳೋ ಮುಸ್ಲಿಮಳೋ ಇರಲಿ. 'ನೀವ್ಯಾಕೆ ಶಿಲುಬೆ ಹಾಕ್ಕೋತೀರಾ?' ಅಂತ ಅವಳು ಕೇಳಿದಾಗಲೇ ನಿಮ್ಮ ಮಗಳು ಮೊದಲ ಸಲ ಉತ್ತರ ಹುಡುಕೋದು. ಮನೆಯಲ್ಲಿ ಯಾರೂ ಕೇಳಿರಲಿಲ್ಲವಲ್ಲ! ಮೊಂತಿ ಫೆಸ್ತ್ ದಿನ, ಸೆಪ್ಟೆಂಬರ್ 8ಕ್ಕೆ, ಅವಳಿಗೆ ರಜೆ ಸಿಗದೆ ಮನೆ ನೆನಪಾಗಿ ಅಳು ಬಂದಾಗ ಪಕ್ಕದಲ್ಲಿ ಕೂರುವವಳೂ ಆ ಗೆಳತಿಯೇ.

ಕ್ರಿಸ್ಮಸ್ ಮುಗಿಸಿ ವಾಪಸ್ ಹೊರಟಾಗ ಕುಸ್ವಾರ್ ಡಬ್ಬಿ ಕೊಂಚ ದೊಡ್ಡದಿರಲಿ. ಸಸ್ಯಾಹಾರಿ ಗೆಳತಿಯರಿದ್ದರೆ ಕೇಕ್ ಜೊತೆ ನೆವ್ರಿ ಬೆರೆಸಬೇಡಿ. ಮೊಟ್ಟೆ ಹಾಕಿದ್ದು, ಹಾಕದ್ದು ಬೇರೆ ಬೇರೆ ಕಟ್ಟಿ, ಮೇಲೊಂದು ಚೀಟಿ ಅಂಟಿಸಿ.